ಓದುಗರ ಪ್ರಶ್ನೆ, ಅಂಕಣದ ಉತ್ತರ: ಯೇಸುದಾಸ್ ಅವರ ಕಂಠ, ಕಲಿಕೆ ಮತ್ತು ಕೊಲ್ಲೂರು

ಹಿನ್ನೆಲೆ ಗಾಯಕ ಕೆ. ಜೆ. ಯೇಸುದಾಸ್ ಅವರ ಜನ್ಮದಿನದ ನಿಮಿತ್ತ ನಮ್ಮ ಜನವರಿ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅವರು ಕೊಲ್ಲೂರಿಗೆ ಬಂದು ದೇವಿಯ ಸನ್ನಿಧಿಯಲ್ಲಿ ಹಾಡುವ ವಿಚಾರವನ್ನು ಅದರಲ್ಲಿ ಒಂದೇ ವಾಕ್ಯದಲ್ಲಿ ಹೇಳಲಾಗಿತ್ತು. ಅದನ್ನು ಓದಿದ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅನೇಕರು ಇನ್ನಷ್ಟು ತಿಳಿಯಬಯಸಿ ಪತ್ರ ಬರೆದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪ್ರಶ್ನೆಗಳಿಗೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಯೇಸುದಾಸ್ ಅವರು ತಮ್ಮ ಜನ್ಮದಿನಕ್ಕೆ ಕೊಲ್ಲೂರಿಗೆ ಬರುವ ಪದ್ಧತಿ ಹೇಗೆ ಬೆಳೆಯಿತು? ನಮ್ಮ ದೊಡ್ಡಪ್ಪ ಅವರನ್ನು ಅಲ್ಲಿ ಹತ್ತಿರದಿಂದ ಕಂಡವರು; ಬಿಳಿ ಬಟ್ಟೆ ಉಟ್ಟು ಸಾಮಾನ್ಯ ಭಕ್ತರಂತೆಯೇ ನಿಂತಿದ್ದರು ಎಂದು ಈಗಲೂ ಹೇಳುತ್ತಿರುತ್ತಾರೆ.
– ಓದುಗರೊಬ್ಬರು, ಬೈಂದೂರು

ಉತ್ತರ: ಯೇಸುದಾಸ್ ಅವರು ಹುಟ್ಟಿದ್ದು 1940ರ ಜನವರಿ 10ರಂದು, ಫೋರ್ಟ್ ಕೊಚ್ಚಿಯಲ್ಲಿ. ಜನ್ಮದಿನದಂದು ಮೂಕಾಂಬಿಕೆಯ ದರ್ಶನ ಪಡೆದು, ದೇವಸ್ಥಾನದಲ್ಲಿ ಸಂಗೀತಾರ್ಚನೆ ನಡೆಸುವ ಕ್ರಮವನ್ನು ಅವರು ಬಹಳ ವರ್ಷ ತಪ್ಪದೆ ಪಾಲಿಸಿಕೊಂಡು ಬಂದರು. ಕೊರೋನಾ ಕಾಲದಲ್ಲಿ ಅವರು ಅಮೆರಿಕದಲ್ಲಿಯೇ ಉಳಿಯಬೇಕಾಗಿ ಬಂದಾಗ ಆ ಕ್ರಮಕ್ಕೆ ತಡೆಯಾಯಿತು. ಆದರೂ ಜನವರಿ 10 ಬಂತೆಂದರೆ ಕೇರಳದ ಸಂಗೀತಾಭಿಮಾನಿಗಳು ಸೌಪರ್ಣಿಕೆಯ ದಡದ ಈ ಕ್ಷೇತ್ರವನ್ನು ನೆನೆಯದೆ ಇರುವುದಿಲ್ಲ.

ಕೊಲ್ಲೂರಿಗೂ ಮಲಯಾಳಿಗಳಿಗೂ ಇರುವ ನಂಟನ್ನು ಬೈಂದೂರಿನವರಿಗೆ ವಿವರಿಸಬೇಕಾಗಿಲ್ಲ. ನವರಾತ್ರಿಯ ದಿನಗಳಲ್ಲಿ, ಅದರಲ್ಲಿಯೂ ವಿಜಯದಶಮಿಯಂದು, ಮಕ್ಕಳಿಗೆ ವಿದ್ಯಾರಂಭ ಮಾಡಿಸಲು ಕೇರಳದಿಂದ ಬರುವ ಕುಟುಂಬಗಳು ಎಷ್ಟೆಂಬುದನ್ನು ಅಲ್ಲಿನ ಬಸ್ಸು ನಿಲ್ದಾಣವೇ ಹೇಳುತ್ತದೆ. ಸಂಗೀತ ಕಲಿತವರು, ನೃತ್ಯ ಕಲಿತವರು ದೇವಸ್ಥಾನದ ಸರಸ್ವತಿ ಮಂಟಪದಲ್ಲಿ ತಮ್ಮ ವಿದ್ಯೆಯನ್ನು ದೇವಿಗೆ ಒಪ್ಪಿಸುವುದು ಅಲ್ಲಿನ ರೂಢಿ. ದೇಶವಿಡೀ ಹೆಸರು ಮಾಡಿದ ಗಾಯಕರು ಅದೇ ಸನ್ನಿಧಿಯಲ್ಲಿ, ಮೊದಲ ಪಾಠದ ಗೀತೆ ಒಪ್ಪಿಸಲು ಬಂದ ಮಗುವಿನ ಸಾಲಿನಲ್ಲಿಯೇ ಕುಳಿತು ಹಾಡಿದರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1991ರ ‘ಕಿಳಕ್ಕುಣರುಂ ಪಕ್ಷಿ’ ಎಂಬ ಮಲಯಾಳಂ ಚಿತ್ರಕ್ಕೆ ರವೀಂದ್ರನ್ ಅವರ ಸಂಗೀತದಲ್ಲಿ ಅವರು ಹಾಡಿದ ಮೂಕಾಂಬಿಕೆಯ ಸ್ತುತಿಯಲ್ಲಿ ನಮ್ಮ ಸೌಪರ್ಣಿಕೆಯ ಹೆಸರೇ ಮೊದಲ ಪದವಾಗಿ ಬರುತ್ತದೆ.

ಮತದ ಮಾತಿಗೆ ಬಂದರೆ, ಅವರ ವೃತ್ತಿಜೀವನದ ಮೊದಲ ಹಾಡನ್ನೇ ನೋಡಬೇಕು. 1961ರ ನವೆಂಬರ್ 14ರಂದು ಮದರಾಸಿನ ಭರಣಿ ಸ್ಟುಡಿಯೋದಲ್ಲಿ ‘ಕಾಲ್ಪಾಡುಗಳ್’ ಚಿತ್ರಕ್ಕಾಗಿ, ಎಂ. ಬಿ. ಶ್ರೀನಿವಾಸನ್ ಅವರ ಸಂಗೀತ ನಿರ್ದೇಶನದಲ್ಲಿ, ಅವರು ಮೊದಲ ಬಾರಿಗೆ ಚಿತ್ರಕ್ಕೆ ಹಾಡಿದ್ದು ಬ್ರಹ್ಮಶ್ರೀ ನಾರಾಯಣ ಗುರುಗಳ ನಾಲ್ಕು ಸಾಲಿನ ಪದ್ಯವನ್ನು. ಜಾತಿಯ ಭೇದ, ಮತದ ದ್ವೇಷ ಯಾವುದೂ ಇಲ್ಲದೆ ಎಲ್ಲರೂ ಸೋದರರಾಗಿ ಬಾಳುವ ಮಾದರಿ ತಾಣ ಇದು ಎಂಬುದು ಅದರ ತಾತ್ಪರ್ಯ. ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠಾಪಿಸಿದವರು ಇದೇ ಗುರುಗಳು. ಆದ್ದರಿಂದ ಆ ಪದ್ಯದ ಆಶಯ ಈ ಊರಿನವರಿಗೆ ಹೊಸದಲ್ಲ. ಯೇಸುದಾಸ್ ಅವರಿಗೆ ಮೊದಲ ರಾಷ್ಟ್ರ ಪ್ರಶಸ್ತಿ ಬಂದದ್ದೂ ಮತಗಳನ್ನು ಸೃಷ್ಟಿಸಿದವನು ಮನುಷ್ಯನೇ ಎಂದು ಹೇಳುವ ಹಾಡಿಗೆ, 1972ರ ‘ಅಚ್ಛನುಂ ಬಾಪ್ಪಯುಂ’ ಚಿತ್ರದಲ್ಲಿ. ಇಷ್ಟಿದ್ದರೂ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲವೆಂಬ ನಿಯಮವಿರುವ ಗುರುವಾಯೂರಿನಲ್ಲಿ ಅವರು ದೇವಸ್ಥಾನದ ಹೊರಗಿನ ಸಭಾಂಗಣದಲ್ಲಿ ಹಾಡಿದರೇ ಹೊರತು ಒಳಗೆ ಹಾಡಲಾಗಲಿಲ್ಲ. ಆ ನಿಯಮದ ಚರ್ಚೆ ಈ ಅಂಕಣದ ವ್ಯಾಪ್ತಿಗೆ ಮೀರಿದ್ದು. ಕೊಲ್ಲೂರಿನಲ್ಲಿ ಆ ಕಂಠ ದೇವಿಯ ಎದುರಿನಲ್ಲಿಯೇ ಕೇಳಿಸಿತು ಎಂಬುದು ನಮ್ಮ ಜಿಲ್ಲೆಗೆ ಸಂದ ಗೌರವ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಪ್ರಶ್ನೆ: ನಾನು ಐದು ವರ್ಷಗಳಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಯೇಸುದಾಸ್ ಅವರ ಚಿತ್ರಗೀತೆಗಳನ್ನು ಕರೋಕೆಯಲ್ಲಿ ಹಾಡಲು ಹೊರಟರೆ ನಮ್ಮ ಟೀಚರ್ ತಡೆಯುತ್ತಾರೆ. ಅವರದ್ದು ಹುಟ್ಟಿನಿಂದ ಬಂದ ಕಂಠವಲ್ಲವೇ, ನಾವು ಎಷ್ಟು ಅಭ್ಯಾಸ ಮಾಡಿದರೆ ತಾನೇ ಏನು ಪ್ರಯೋಜನ?
– ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಯೇಸುದಾಸ್ ಅವರ ಬದುಕನ್ನು ಮೊದಲಿನಿಂದ ನೋಡಿದವರಿಗೆ ಕಾಣುವುದು ಕಂಠಕ್ಕಿಂತ ಹೆಚ್ಚಾಗಿ ಕಲಿಕೆ. ಅವರ ತಂದೆ ಆಗಸ್ಟಿನ್ ಜೋಸೆಫ್ ಮಲಯಾಳಂ ರಂಗಭೂಮಿಯ ನಟರು ಮತ್ತು ಗಾಯಕರು. ಮಗನಿಗೆ ಮೊದಲ ಗುರುವೂ ಅವರೇ. ಆ ಕಾಲದ ನಾಟಕದ ನಟರು ಮೈಕಿನ ಆಸರೆಯಿಲ್ಲದೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬೇಕಿತ್ತು. ಅಂಥ ಮನೆಯ ಹುಡುಗನಿಗೆ ಸ್ವರವನ್ನು ಹೊಟ್ಟೆಯಿಂದ ಎತ್ತಿ ನಿಲ್ಲಿಸುವುದು ಚಿಕ್ಕಂದಿನಲ್ಲಿಯೇ ಪಾಠವಾಗಿರಬೇಕು ಎಂಬುದು ನನ್ನ ಊಹೆ.

ಮುಂದೆ ಅವರು ತ್ರಿಪ್ಪೂಣಿತ್ತುರದ ಆರ್‌ಎಲ್‌ವಿ ಸಂಗೀತ ಶಾಲೆಯಲ್ಲಿ ಗಾನಭೂಷಣ ಪದವಿಗೆ ಓದಿದರು. ಆಮೇಲೆ ತಿರುವನಂತಪುರದ ಸ್ವಾತಿ ತಿರುನಾಳ್ ಸಂಗೀತ ಕಾಲೇಜಿಗೆ ಸೇರಿದರಾದರೂ ಹಣದ ಅಡಚಣೆಯಿಂದ ಅಲ್ಲಿನ ಓದು ಪೂರ್ತಿಯಾಗಲಿಲ್ಲ. ಅದೇ ಕಾಲದಲ್ಲಿ ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಹೋದಾಗ ಅವರು ಆಯ್ಕೆಯಾಗಲಿಲ್ಲ. ಹುಟ್ಟಿನಿಂದ ಬಂದ ಕಂಠ ಎಂದು ನೀವು ಹೇಳುವ ಆ ಕಂಠವೇ ಆ ದಿನ ಪರೀಕ್ಷೆಯಲ್ಲಿ ಹಿಂದೆ ಬಿತ್ತು ಎಂಬುದನ್ನು ಗಮನಿಸಿ. ಮೊದಲ ಚಿತ್ರದ ಅವಕಾಶ ಬಂದಾಗಲೂ ಜ್ವರ ಹಿಡಿದದ್ದರಿಂದ, ಅವರಿಗೆಂದು ಇಟ್ಟಿದ್ದ ಬೇರೆ ಹಾಡು ಕೈತಪ್ಪಿ, ಮೇಲೆ ಹೇಳಿದ ನಾಲ್ಕು ಸಾಲಿನ ಪದ್ಯವಷ್ಟೇ ಉಳಿಯಿತು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದರ ನಂತರದ್ದು. ‘ಚೆಮ್ಮೀನ್’ ಚಿತ್ರ 1965ರಲ್ಲಿ ತೆರೆಗೆ ಬಂದು, ಸಲೀಲ್ ಚೌಧರಿ ಅವರ ಸಂಗೀತದಲ್ಲಿ ಅವರು ಹಾಡಿದ ಕಡಲಿನ ಹಾಡು ಕೇರಳದ ಮನೆಮನೆಯನ್ನು ತಲುಪಿದ್ದ ಕಾಲ ಅದು. ವಯಲಾರ್ ರಾಮವರ್ಮ ಅವರ ಸಾಹಿತ್ಯ ಮತ್ತು ಜಿ. ದೇವರಾಜನ್ ಅವರ ಸಂಗೀತದಲ್ಲಿ ಒಂದರ ಹಿಂದೆ ಒಂದರಂತೆ ಹಾಡುಗಳು ಬರುತ್ತಿದ್ದವು. ಹೀಗೆ ಕೈತುಂಬ ಕೆಲಸ, ಕಿವಿತುಂಬ ಹೊಗಳಿಕೆ ಇದ್ದ ಹೊತ್ತಿನಲ್ಲಿ ಅವರು ಚೆಂಬೈ ವೈದ್ಯನಾಥ ಭಾಗವತರ ಬಳಿ ಶಿಷ್ಯರಾಗಿ ಕುಳಿತರು. ಚೆಂಬೈಯವರು ಪಾಲಕ್ಕಾಡ್ ಕಡೆಯ ಸಂಪ್ರದಾಯಸ್ಥ ಮನೆತನದವರು, ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರು, ಗುರುವಾಯೂರಪ್ಪನ ಪರಮ ಭಕ್ತರು. ಅವರು ಕ್ರೈಸ್ತ ತರುಣನೊಬ್ಬನನ್ನು, ಅದರಲ್ಲಿಯೂ ಸಿನಿಮಾ ಗಾಯಕನನ್ನು, ಮನಸಾರೆ ಒಪ್ಪಿಕೊಂಡು ಕಲಿಸಿದರು. 1974ರಲ್ಲಿ ಚೆಂಬೈಯವರು ತೀರಿಕೊಂಡ ಬಳಿಕವೂ ಗುರುವಾಯೂರಿನಲ್ಲಿ ಅವರ ಹೆಸರಿನಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಯೇಸುದಾಸ್ ಹಾಡುತ್ತ ಬಂದರು. ಚಿತ್ರಗೀತೆಯನ್ನು ಮಾತ್ರ ನಂಬಿಕೊಂಡಿದ್ದರೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆದರೂ ಅವರು ಕಛೇರಿಯನ್ನು ಬಿಡಲಿಲ್ಲ. ಅರುವತ್ತು ದಾಟಿದ ಮೇಲೂ ಕಂಠ ಕುಗ್ಗದೆ ಉಳಿದದ್ದಕ್ಕೆ ಬೇರೆ ಗುಟ್ಟನ್ನು ಹುಡುಕಬೇಕಾಗಿಲ್ಲ.

ನಿಮ್ಮ ಟೀಚರ್ ಯಾಕೆ ತಡೆಯುತ್ತಾರೆಂಬುದನ್ನು ಒಂದು ಹಾಡಿನಿಂದ ತಿಳಿಯಬಹುದು. 1976ರ ಹಿಂದಿ ಚಿತ್ರ ‘ಚಿತ್‌ಚೋರ್’ನಲ್ಲಿ ರವೀಂದ್ರ ಜೈನ್ ಅವರ ಸಂಗೀತದಲ್ಲಿ, ಹೇಮಲತಾ ಅವರೊಡನೆ, ಯಮನ್ ರಾಗದ ನೆರಳಿನಲ್ಲಿ ಹಾಡಿದ ‘ಜಬ್ ದೀಪ್ ಜಲೇ ಆನಾ’ ಎಂಬ ಹಾಡನ್ನು ಕೇಳಿ. ಪಲ್ಲವಿಯ ಕೊನೆಯ ‘ಆನಾ’ ಎಂಬಲ್ಲಿ ಸ್ವರ ನಿಲ್ಲುವುದನ್ನು ಗಮನಿಸಿ. ಅಲ್ಲಿ ಗಮಕದ, ಅಂದರೆ ಸ್ವರವನ್ನು ಅಲುಗಿಸಿ ಬಳುಕಿಸುವುದರ, ಪ್ರದರ್ಶನವಿಲ್ಲ, ಉಸಿರು ಮುಗಿಯುತ್ತ ಬಂದ ಸುಳಿವಿಲ್ಲ, ಸ್ವರ ಶ್ರುತಿಗೆ ಅಂಟಿಕೊಂಡು ನೆಟ್ಟಗೆ ನಿಂತು ತಾನಾಗಿ ಇಳಿಯುತ್ತದೆ. ಅದೇ ಜಾಗವನ್ನು ಹಾಡಲು ಹೋದ ಬಹುಪಾಲು ಮಕ್ಕಳು ಸ್ವರವನ್ನು ಅಲುಗಿಸುತ್ತಾರೆ, ಏಕೆಂದರೆ ಅಲುಗಿಸುವುದು ಸುಲಭ, ಅಲುಗಿಸದೆ ನಿಲ್ಲಿಸುವುದು ಕಷ್ಟ. ಅದು ಕೂಡಿಬರುವುದು ಬೆಳಗ್ಗೆ ಎದ್ದು ತಂಬೂರಿಯ ಶ್ರುತಿಗೆ ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರಗಳನ್ನು ‘ಆ’ ಎಂಬ ಅಕಾರದಲ್ಲಿ ಹಿಡಿದು ನಿಲ್ಲಿಸುವ ಸಾಧನೆಯಿಂದ, ಸರಳೆ ಮತ್ತು ಜಂಟಿ ವರಸೆಗಳೆಂಬ ಆರಂಭದ ಸ್ವರಪಾಠಗಳನ್ನು ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಬೇಸರವಿಲ್ಲದೆ ಹಾಡುವುದರಿಂದ. ಕರೋಕೆಯ ವಾದ್ಯಗಳ ಅಬ್ಬರದಲ್ಲಿ ನಿಮ್ಮ ಶ್ರುತಿ ಎಲ್ಲಿ ಜಾರಿತೆಂಬುದು ನಿಮಗೇ ಕೇಳಿಸುವುದಿಲ್ಲ. ಮೊದಲು ತಂಬೂರಿಗೆ ಹಾಡಿ. ಆಮೇಲೆ ಚಿತ್ರಗೀತೆಯನ್ನು ಹಾಡಿದರೆ ನಿಮ್ಮ ಟೀಚರ್ ಕೂಡ ಬೇಡ ಎನ್ನಲಾರರು.

ಪ್ರಶ್ನೆ: ಯೇಸುದಾಸ್ ಐವತ್ತು ಸಾವಿರ ಹಾಡುಗಳನ್ನು ಹಾಡಿದ್ದಾರೆ ಎಂದು ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಇದು ನಿಜವೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಒಂದು ಲೆಕ್ಕ ಹಾಕಿ ನೋಡಿ. ಅರುವತ್ತು ವರ್ಷಗಳಲ್ಲಿ ಐವತ್ತು ಸಾವಿರ ಎಂದರೆ ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು, ಅಂದರೆ ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಹಾಡು. ಕಛೇರಿ, ಪ್ರಯಾಣ, ವಿಶ್ರಾಂತಿಗೆ ಹೋದ ದಿನಗಳನ್ನು ಕಳೆದರೆ ಉಳಿದ ದಿನಗಳ ಹೊರೆ ಇನ್ನೂ ಏರುತ್ತದೆ. ಹಲವು ಭಾಷೆಗಳಲ್ಲಿ ಸಾವಿರಾರು ಹಾಡುಗಳನ್ನು ಹಾಡಿದ ಗಾಯಕರು ಎಂದು ಹೇಳಿದರೆ ಅದು ಸತ್ಯವೂ ಹೌದು, ಅವರ ಹಿರಿಮೆಗೆ ಸಾಕಾಗುವಷ್ಟೂ ಹೌದು.

ಪ್ರಶ್ನೆ: ಹಿಂದಿನ ಕಾಲದ ಹಾಡುಗಳ ಧ್ವನಿಮುದ್ರಣ ಹೇಗೆ ನಡೆಯುತ್ತಿತ್ತು? ಈಗಿನವರಿಗಿಂತ ಆಗಿನವರು ಹೆಚ್ಚು ಚೆನ್ನಾಗಿ ಹಾಡುತ್ತಿದ್ದರೆಂದು ಹಿರಿಯರು ಹೇಳುವುದರಲ್ಲಿ ಹುರುಳಿದೆಯೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಹುರುಳಿದೆ, ಆದರೆ ಅದಕ್ಕೆ ಕಾರಣ ಕೆಲಸದ ಕ್ರಮದಲ್ಲಿದೆ. 1960ರ ದಶಕದಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿಯೇ ಮುದ್ರಣವಾಗುತ್ತಿದ್ದವು. ಗಾಯಕರೂ ವಾದ್ಯಗಾರರೂ ಒಂದೇ ಹೊತ್ತಿಗೆ ಹಾಡಿ ನುಡಿಸಬೇಕಿತ್ತು. ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಮುದ್ರಣವಾಗಬೇಕು. ಕೊನೆಯ ಚರಣದಲ್ಲಿ ಪಿಟೀಲಿನವರೊಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆದ್ದರಿಂದ ಗಾಯಕರು ಸಂಗೀತ ನಿರ್ದೇಶಕರ ಎದುರು ಹಾರ್ಮೋನಿಯಂ ಇಟ್ಟುಕೊಂಡು ಹಾಡನ್ನು ಪೂರ್ತಿ ಕಲಿತು, ಬೇರೆ ಭಾಷೆಯ ಸಾಹಿತ್ಯವಾದರೆ ಅದನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು, ಉಚ್ಚಾರಣೆ ತಿದ್ದಿಸಿಕೊಂಡು, ಆಮೇಲೆಯೇ ಮೈಕಿನ ಮುಂದೆ ನಿಲ್ಲುತ್ತಿದ್ದರು. ಯುಗಳ ಗೀತೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಒಬ್ಬರ ಉಸಿರಿಗೆ ಇನ್ನೊಬ್ಬರು ಕಾದು ಹಾಡುತ್ತಿದ್ದುದರಿಂದ ಪಿ. ಸುಶೀಲಾ ಮತ್ತು ಎಸ್. ಜಾನಕಿ ಅವರೊಡನೆ ಯೇಸುದಾಸ್ ಹಾಡಿದ ಹಳೆಯ ಹಾಡುಗಳಲ್ಲಿ ಒಂದು ಬಗೆಯ ಸಂವಾದ ಕೇಳಿಸುತ್ತದೆ.

ಈಗ ‘ಟ್ರ್ಯಾಕ್’ ಹಾಡುವ ಬೇರೊಬ್ಬರು ಮೊದಲೇ ಹಾಡಿಟ್ಟಿರುತ್ತಾರೆ. ಮುಖ್ಯ ಗಾಯಕರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಸಾಲು ಸಾಲಾಗಿ ಹಾಡಿ ಹೋಗುತ್ತಾರೆ; ಯುಗಳ ಗೀತೆಯ ಇಬ್ಬರು ಪರಸ್ಪರ ಮುಖ ನೋಡದೆಯೂ ಹಾಡು ಸಿದ್ಧವಾಗುತ್ತದೆ. ಶ್ರುತಿ ತಪ್ಪಿದರೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಈ ಅನುಕೂಲಗಳನ್ನು ನಾನು ಹಳಿಯುವುದಿಲ್ಲ. ಸ್ವತಃ ಯೇಸುದಾಸ್ ಅವರೇ 1980ರಲ್ಲಿ ತಿರುವನಂತಪುರದಲ್ಲಿ ‘ತರಂಗಿಣಿ’ ಎಂಬ ಸ್ಟುಡಿಯೋ ಸ್ಥಾಪಿಸಿದರು. ಹೊಸ ಯಂತ್ರಗಳನ್ನು ಅವರು ಬಾಗಿಲಲ್ಲಿ ನಿಲ್ಲಿಸಿದವರಲ್ಲ. ಆದರೂ ತಪ್ಪಿದರೆ ತಿದ್ದಬಹುದು ಎಂಬ ಧೈರ್ಯದಲ್ಲಿ ಹಾಡುವುದಕ್ಕೂ, ತಪ್ಪಿದರೆ ಅಷ್ಟೂ ಮಂದಿ ಕಲಾವಿದರ ಶ್ರಮ ವ್ಯರ್ಥವಾಗುತ್ತದೆ ಎಂಬ ಎಚ್ಚರದಲ್ಲಿ ಹಾಡುವುದಕ್ಕೂ ವ್ಯತ್ಯಾಸವಿದ್ದೇ ಇದೆ.

ಪ್ರಶ್ನೆ: ಇಷ್ಟು ದೊಡ್ಡ ಗಾಯಕರು ಕನ್ನಡದಲ್ಲಿ ಏಕೆ ಕಡಿಮೆ ಹಾಡಿದರು?
– ಓದುಗರೊಬ್ಬರು, ಕಟಪಾಡಿ

ಉತ್ತರ: ಮಲಯಾಳಂಗೆ ಹೋಲಿಸಿದರೆ ಕಡಿಮೆ ಎಂಬುದು ನಿಜ. ಕನ್ನಡ ಚಿತ್ರರಂಗದಲ್ಲಿ ಅವರಿಗೆ ಜಾಗವಿರಲಿಲ್ಲವೆಂದಲ್ಲ. ಆ ಜಾಗಗಳು ಮೊದಲೇ ಭದ್ರವಾಗಿ ತುಂಬಿದ್ದವು. ಯೇಸುದಾಸ್ ಹೆಸರು ಮಾಡುತ್ತಿದ್ದ ಕಾಲದಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಪಿ. ಬಿ. ಶ್ರೀನಿವಾಸ್ ಅವರ ಕಂಠ ಎಷ್ಟು ಒಗ್ಗಿಹೋಗಿತ್ತೆಂದರೆ ಕೇಳುಗರಿಗೆ ಅವೆರಡೂ ಒಂದೇ ಆಗಿದ್ದವು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಹಾಡು ಗೆದ್ದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಉಳಿದ ನಾಯಕರ ಪಾಲಿಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಇದ್ದರು, ಅವರು 1967ರ ‘ನಕ್ಕರೆ ಅದೇ ಸ್ವರ್ಗ’ದಿಂದಲೇ ಕನ್ನಡದವರಾಗಿಬಿಟ್ಟಿದ್ದರು. ಹಾಗಾಗಿ ನಮ್ಮ ಸಂಗೀತ ನಿರ್ದೇಶಕರಿಗೆ ರಾಗದ ಬುನಾದಿ ಗಟ್ಟಿಯಾಗಿರುವ ಹಾಡು ಇದ್ದಾಗ ಯೇಸುದಾಸ್ ನೆನಪಾಗುತ್ತಿದ್ದರು. ಸಂಗೀತಗಾರನ ಕಥೆಯುಳ್ಳ 1986ರ ‘ಮಲಯ ಮಾರುತ’ ಅದಕ್ಕೆ ಒಳ್ಳೆಯ ನಿದರ್ಶನ. ಕೆ. ಎಸ್. ಎಲ್. ಸ್ವಾಮಿ ಅವರ ನಿರ್ದೇಶನ, ವಿಜಯಭಾಸ್ಕರ್ ಅವರ ಸಂಗೀತ, ವಿಷ್ಣುವರ್ಧನ್ ಅವರ ಅಭಿನಯ. ಅದರಲ್ಲಿ ಯೇಸುದಾಸ್ ಹಾಡಿದ ‘ಶಾರದೆ ದಯೆ ತೋರಿದೆ’ ಮತ್ತು ‘ಎಲ್ಲೆಲ್ಲೂ ಸಂಗೀತವೇ’ ಹಾಡುಗಳನ್ನು ಇಂದಿಗೂ ನವರಾತ್ರಿಯ ಶಾರದಾ ಪೂಜೆಯ ಕಾರ್ಯಕ್ರಮಗಳಲ್ಲಿ ಮಕ್ಕಳು ಹಾಡುವುದನ್ನು ನಮ್ಮೂರುಗಳಲ್ಲಿ ಕೇಳಬಹುದು.

ಯೇಸುದಾಸ್ ಮತ್ತು ಎಸ್. ಪಿ. ಬಾಲಸುಬ್ರಹ್ಮಣ್ಯಂ (ಎಸ್‌ಪಿಬಿ) ಅವರ ನಡುವೆ ಪೈಪೋಟಿ ಇತ್ತೆಂದು ಕೆಲವರು ಕಲ್ಪಿಸಿಕೊಳ್ಳುತ್ತಾರೆ. ಎಸ್‌ಪಿಬಿ ಅವರು ಚಿತ್ರರಂಗದಲ್ಲಿ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಯೇಸುದಾಸ್ ಅವರನ್ನು ಕೂರಿಸಿ ಪಾದಪೂಜೆ ಮಾಡಿದ್ದರು ಎಂಬುದನ್ನು ಅಂಥವರಿಗೆ ತಿಳಿಸಿ.

ಪ್ರಶ್ನೆ: ಅವರಿಗೆ ಬಂದ ರಾಷ್ಟ್ರ ಪ್ರಶಸ್ತಿಗಳ ವಿವರ ಕೊಡುವಿರಾ? ಮಗನ ಕ್ವಿಜ್ ಸ್ಪರ್ಧೆಗೆ ಬೇಕಾಗಿದೆ.
– ಗೃಹಿಣಿ, ಕುಂದಾಪುರ

ಉತ್ತರ: ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ರಾಷ್ಟ್ರ ಪ್ರಶಸ್ತಿ ಅವರಿಗೆ ಎಂಟು ಬಾರಿ ಬಂದಿದೆ, ಗಾಯಕರಲ್ಲಿ ಇದು ದಾಖಲೆ. ಮಲಯಾಳಂಗೆ ಆರು (1972, 1973, 1987, 1991, 1993 ಮತ್ತು 2017ರ ಸಾಲಿನವು), ಹಿಂದಿಗೆ ಒಂದು (1976, ‘ಚಿತ್‌ಚೋರ್’), ತೆಲುಗಿಗೆ ಒಂದು (1982, ‘ಮೇಘಸಂದೇಶಂ’). ಪದ್ಮಶ್ರೀ ಬಂದ ಬಳಿಕ 2002ರಲ್ಲಿ ಪದ್ಮಭೂಷಣ, 2017ರಲ್ಲಿ ಪದ್ಮವಿಭೂಷಣ ಸಂದಿವೆ.

ಪ್ರಶ್ನೆ: ಮಾಲೆ ಹಾಕುವ ಸಮಯದಲ್ಲಿ ನಮ್ಮೂರಿನ ಅಯ್ಯಪ್ಪ ಮಂದಿರದಲ್ಲಿ ಭಜನೆ ಮುಗಿಯುವಾಗ ‘ಹರಿವರಾಸನಂ’ ಹಾಡುತ್ತೇವೆ. ಯೇಸುದಾಸ್ ಹಾಡಿದ್ದೇ ಶಬರಿಮಲೆಯಲ್ಲಿಯೂ ಕೇಳಿಸುವುದಂತೆ. ಅದನ್ನು ಭಜನೆಯಲ್ಲಿ ಸ್ವಲ್ಪ ಚುರುಕಾಗಿ ಹಾಡಿದರೆ ತಪ್ಪಾಗುತ್ತದೆಯೇ?
– ಭಜನಾ ಮಂಡಳಿಯ ಸದಸ್ಯರು, ಮೂಡುಬಿದಿರೆ

ಉತ್ತರ: ಹೌದು, ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಕೇಳಿಸುವುದು ಅವರ ಕಂಠವೇ. 1975ರ ‘ಸ್ವಾಮಿ ಅಯ್ಯಪ್ಪನ್’ ಚಿತ್ರಕ್ಕಾಗಿ ಜಿ. ದೇವರಾಜನ್ ಅವರು ಆ ಸ್ತೋತ್ರಕ್ಕೆ ಮಧ್ಯಮಾವತಿ ರಾಗದಲ್ಲಿ ಸ್ವರ ಹಾಕಿದರು. ಸಂಗೀತ ಕಛೇರಿಗಳಲ್ಲಿ ಎಲ್ಲ ರಾಗಗಳೂ ಆದ ಮೇಲೆ, ಹಾಡುವಾಗ ಆಗಿರಬಹುದಾದ ದೋಷಗಳೆಲ್ಲ ಪರಿಹಾರವಾಗಲಿ ಎಂಬ ಭಾವದಿಂದ ಕೊನೆಗೆ ಮಧ್ಯಮಾವತಿಯನ್ನು ಹಾಡುವ ಸಂಪ್ರದಾಯವಿದೆ. ದಿನದ ಪೂಜೆಗಳೆಲ್ಲ ಮುಗಿದು ದೇವರು ವಿಶ್ರಮಿಸುವ ಹೊತ್ತಿಗೆ ಇದಕ್ಕಿಂತ ಸೂಕ್ತವಾದ ರಾಗವನ್ನು ಆರಿಸಲು ಸಾಧ್ಯವಿರಲಿಲ್ಲ.

ಚುರುಕಾಗಿ ಹಾಡುವ ವಿಚಾರದಲ್ಲಿ ನನ್ನ ಸ್ಪಷ್ಟವಾದ ಅಭಿಪ್ರಾಯ ಬೇಡ ಎಂದೇ. ಕಛೇರಿಯಲ್ಲಿ ಸಂಗತಿಯ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಮೇಲೆ ಸಂಗತಿ ಹಾಕಬಲ್ಲ ಗಾಯಕರು ಆ ಸ್ತೋತ್ರದಲ್ಲಿ ಒಂದನ್ನೂ ಹೆಚ್ಚಿಗೆ ಹಾಕಲಿಲ್ಲ. ಪ್ರತಿ ಪಾದವನ್ನೂ ಒಂದೇ ಅಳತೆಯಲ್ಲಿ, ಸಂಸ್ಕೃತದ ದೀರ್ಘಾಕ್ಷರಗಳಿಗೆ ಅವುಗಳ ಪೂರ್ತಿ ಕಾಲ ಕೊಟ್ಟು, ತಗ್ಗಿದ ದನಿಯಲ್ಲಿ ಹಾಡಿದ್ದಾರೆ. ತಾಳವನ್ನು ಓಡಿಸಿದರೆ ಮೊದಲು ಪೆಟ್ಟು ಬೀಳುವುದು ಆ ದೀರ್ಘಾಕ್ಷರಗಳಿಗೆ. ಹಾರ್ಮೋನಿಯಂನವರು ಶ್ರುತಿಯನ್ನು ಒಂದು ಮನೆ ಕೆಳಗಿಟ್ಟು, ತಬಲಾದವರು ಕೈ ಹಗುರಮಾಡಿ, ತಾಳ ಬಡಿಯುವವರು ಸುಮ್ಮನಿದ್ದರೂ ಆದೀತು. ಮಂಡಳಿಯ ಮಕ್ಕಳಿಗೆ ಸಾಹಿತ್ಯವನ್ನು ಕಾಗದದಲ್ಲಿ ಬರೆದುಕೊಟ್ಟು, ವ್ರತ ಶುರುವಾಗುವ ಮೊದಲೇ ಒಂದೊಂದು ಪದದ ಉಚ್ಚಾರಣೆಯನ್ನು ತಿದ್ದಿಸಿ.